ಗ್ರಾಮ ಸಭೆಯ ಮಾತು ದಾಖಲೆಯಾಗಿ ಉಳಿಯಬೇಕಾದರೆ: ಮೈಕ್, ಕೇಬಲ್ ಮತ್ತು ಅಡಾಪ್ಟರ್‌ಗಳ ಸರಿಯಾದ ಜೋಡಣೆ

ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆ, ಕುಡಿಯುವ ನೀರಿನ ಬೇಡಿಕೆ, ಕಾಮಗಾರಿಗಳ ಆದ್ಯತೆ ಇವೆಲ್ಲವೂ ಗ್ರಾಮ ಸಭೆಯಲ್ಲಿ ಮಾತಿನ ಮೂಲಕವೇ ತೀರ್ಮಾನವಾಗುತ್ತವೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಂತೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಈ ಸಭೆಯಲ್ಲಿ ಯಾರು ಏನು ಹೇಳಿದರು, ಯಾವ ಹೆಸರಿಗೆ ಯಾರು ಆಕ್ಷೇಪಿಸಿದರು ಎಂಬುದು ಮುಂದೆ ತಕರಾರು ಬಂದಾಗ ಮುಖ್ಯವಾಗುತ್ತದೆ. ವಿಡಿಯೊದಲ್ಲಿ ಮುಖಗಳು ಕಂಡು ಮಾತು ಕೇಳದಿದ್ದರೆ ಅದು ಯಾರ ಪರವಾಗಿಯೂ ಸಾಕ್ಷಿ ನುಡಿಯದು.

ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು 2025ರ ಆಗಸ್ಟ್‌ನಲ್ಲಿ ಆರಂಭಿಸಿದ ‘ಸಭಾಸಾರ್’ ತಂತ್ರಾಂಶವು ಸಭೆಯ ಧ್ವನಿ ಅಥವಾ ವಿಡಿಯೊ ಮುದ್ರಿಕೆಯಿಂದ ನಡವಳಿಯ ಕರಡನ್ನು ಸಿದ್ಧಪಡಿಸುತ್ತದೆ. ಮುದ್ರಿಕೆಯಲ್ಲಿ ಕೇಳಿಸದ ಮಾತು ಇಂತಹ ಕರಡಿಗೂ ಸೇರದು. ಆದ್ದರಿಂದ ಧ್ವನಿಯ ಗುಣಮಟ್ಟವನ್ನು ಮೈಕ್ ಸೆಟ್‌ನವರಿಗಷ್ಟೇ ಬಿಡದೆ ಸದಸ್ಯರೂ ಅರಿತಿರುವುದು ಒಳಿತು.

ದೂರವಿಟ್ಟ ಮೊಬೈಲ್‌ಗೆ ಮಾತು ಏಕೆ ಕೇಳದು?

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಸಭೆಯು ಸಮುದಾಯ ಭವನದಲ್ಲಿರಬಹುದು, ಶಾಲೆಯ ಆವರಣದಲ್ಲಿರಬಹುದು ಅಥವಾ ಗುಡಿಯ ಪೌಳಿಯಲ್ಲಿರಬಹುದು. ತೆರೆದ ಜಾಗದಲ್ಲಿ ದೂರ ಎರಡರಷ್ಟಾದಾಗ ಧ್ವನಿಯು ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. ಹತ್ತು ಮೀಟರ್ ದೂರದ ಮೊಬೈಲ್‌ಗೆ ಮಾತಿಗಿಂತ ಗಾಳಿ, ಫ್ಯಾನು, ಜನರೇಟರ್ ಹಾಗೂ ಗೋಡೆಯ ಪ್ರತಿಧ್ವನಿಯೇ ಹೆಚ್ಚು ಕೇಳುತ್ತದೆ. ಮೈಕಿನಿಂದ ಆಂಪ್ಲಿಫೈಯರ್‌ಗೆ ಬಂದ ಧ್ವನಿಯನ್ನು ವೈರಿನ ಮೂಲಕವೇ ಮುದ್ರಣ ಸಾಧನಕ್ಕೆ ಒಯ್ಯುವುದು ಇದಕ್ಕೆ ಪರಿಹಾರ.

ಧ್ವನಿ ಸಂಕೇತದ ಮೂರು ಮಟ್ಟಗಳು

ವೈರಿನಲ್ಲಿ ಹರಿಯುವ ಧ್ವನಿ ಸಂಕೇತವು ಮೂರು ಮಟ್ಟಗಳಲ್ಲಿರುತ್ತದೆ. ಮೈಕಿನಿಂದ ಬರುವುದು ವೋಲ್ಟಿನ ಕೆಲವೇ ಸಾವಿರದ ಭಾಗಗಳಷ್ಟು. ಆಂಪ್ಲಿಫೈಯರ್ ಅಥವಾ ಮಿಕ್ಸರ್‌ನ ‘ಲೈನ್ ಔಟ್’ ಇಲ್ಲವೆ ‘ರೆಕ್ ಔಟ್’ ತೂತಿನಿಂದ ಬರುವುದು ಸುಮಾರು 0.3ರಿಂದ 1.2 ವೋಲ್ಟ್. ಸ್ಪೀಕರ್‌ಗೆ ಹೋಗುವುದು ಹತ್ತಾರು ವೋಲ್ಟ್; ಹಾರ್ನ್‌ಗಳಿಗೆ ಬಳಸುವ 100 ವೋಲ್ಟ್ ಲೈನ್‌ನಲ್ಲಿ ನೂರರವರೆಗೂ ಏರಬಹುದು.

ಪಿನ್ನು ಹೊಂದುತ್ತದೆ ಎಂಬ ಮಾತ್ರಕ್ಕೆ ಮಟ್ಟವೂ ಹೊಂದುತ್ತದೆ ಎಂದಲ್ಲ. ಸ್ಪೀಕರ್ ತುದಿಗಳಿಂದ ಮೊಬೈಲ್‌ಗಾಗಲಿ, ಕ್ಯಾಮೆರಾಕ್ಕಾಗಲಿ, ರೆಕಾರ್ಡರ್‌ಗಾಗಲಿ ಎಂದಿಗೂ ವೈರು ಜೋಡಿಸತಕ್ಕದ್ದಲ್ಲ, ಸಾಧನ ಸುಟ್ಟುಹೋಗುತ್ತದೆ. ‘ಲೈನ್ ಔಟ್’ನಿಂದ ರೆಕಾರ್ಡರ್‌ನ ‘ಲೈನ್ ಇನ್’ಗೆ ನೇರವಾಗಿ ಜೋಡಿಸಬಹುದು. ಮೊಬೈಲಿನ ಜಾಕ್ ಮೈಕಿನ ಮಟ್ಟವನ್ನೇ ನಿರೀಕ್ಷಿಸುವುದರಿಂದ ನಡುವೆ 40 ಡೆಸಿಬೆಲ್ ತಗ್ಗಿಸುವ ಅಟೆನ್ಯುಯೇಟರ್ ಕೇಬಲ್ ಬೇಕು. ಅದು ವೋಲ್ಟನ್ನು ನೂರನೆಯ ಒಂದು ಭಾಗಕ್ಕೆ ಇಳಿಸುತ್ತದೆ. ಇದಿಲ್ಲದಿದ್ದರೆ ಮಾತು ಒಡೆದು ಕರ್ಕಶವಾಗುತ್ತದೆ; ಅದನ್ನು ಆಮೇಲೆ ಸರಿಪಡಿಸಲಾಗದು.

ಪಿನ್ನುಗಳನ್ನು ಗುರುತಿಸುವುದು

ಮೂರು ಕಡ್ಡಿಗಳ ದುಂಡನೆಯ ಪಿನ್ನು ಎಕ್ಸ್‌ಎಲ್‌ಆರ್. ಅದರಲ್ಲಿ 1ನೇ ಪಿನ್ನು ಹೊರಜಾಲಿಗೆ, 2 ಮತ್ತು 3 ಧ್ವನಿಗೆ. ಎರಡೂ ವೈರುಗಳಲ್ಲಿ ಒಂದೇ ಧ್ವನಿ ಪರಸ್ಪರ ವಿರುದ್ಧವಾಗಿ ಹರಿಯುವುದರಿಂದ ಹೊರಗಿನ ಗದ್ದಲ ರದ್ದಾಗಿ, 30 ಮೀಟರ್ ಉದ್ದದಲ್ಲಿಯೂ ಮಾತು ಶುದ್ಧವಾಗಿರುತ್ತದೆ. 6.35 ಮಿ.ಮೀ. ದಪ್ಪ ಪಿನ್ನಿನಲ್ಲಿ ಒಂದೇ ಕಪ್ಪು ಗೆರೆಯಿದ್ದರೆ ಈ ರಕ್ಷಣೆ ಇರದು. ಅಂತಹ ಕೇಬಲ್ 5-6 ಮೀಟರ್ ಮೀರದಿರಲಿ.

3.5 ಮಿ.ಮೀ. ಸಣ್ಣ ಪಿನ್ನಿನಲ್ಲಿ ಗೆರೆಗಳನ್ನು ಎಣಿಸಬೇಕು. ಕ್ಯಾಮೆರಾ ಮೈಕಿನ ಪಿನ್ನಿಗೆ ಎರಡು ಗೆರೆ, ಮೊಬೈಲ್ ಹೆಡ್‌ಸೆಟ್ ಪಿನ್ನಿಗೆ ಮೂರು. ಎರಡು ಗೆರೆಯ ಮೈಕನ್ನು ನೇರವಾಗಿ ಮೊಬೈಲಿಗೆ ಚುಚ್ಚಿದರೆ ಮೊಬೈಲ್ ಅದನ್ನು ಮೈಕೆಂದು ಗುರುತಿಸದೆ ತನ್ನ ಒಳಮೈಕಿನಿಂದಲೇ ಮುದ್ರಿಸುತ್ತ ಹೋಗುತ್ತದೆ. ಎರಡು ಗೆರೆಯಿಂದ ಮೂರು ಗೆರೆಗೆ ಬದಲಿಸುವ ಅಡಾಪ್ಟರ್ ಇದಕ್ಕೆ ಬೇಕು. ಪರೀಕ್ಷೆ ಸುಲಭ: ಮುದ್ರಣ ಆರಂಭಿಸಿ ಮೊಬೈಲಿನ ಮೈಯನ್ನು ಬೆರಳಿನಿಂದ ತಟ್ಟಿದಾಗ ಧ್ವನಿಸೂಚಕ ಜಿಗಿದರೆ ಹೊರಮೈಕು ಕೆಲಸ ಮಾಡುತ್ತಿಲ್ಲವೆಂದೇ ಅರ್ಥ. ಸಣ್ಣ ಜಾಕ್ ಇಲ್ಲದ ಮೊಬೈಲ್‌ಗಳಿಗೆ ಟೈಪ್-ಸಿ ಅಡಾಪ್ಟರ್ ಕೊಳ್ಳುವಾಗ ಹಾಡು ಕೇಳಲಷ್ಟೇ ಅಲ್ಲ, ಮೈಕ್ ಸ್ವೀಕರಿಸಲೂ ಅದು ಯೋಗ್ಯವೇ ಎಂದು ಅದೇ ಮೊಬೈಲಿನಲ್ಲಿ ಪರೀಕ್ಷಿಸಿಯೇ ತರಬೇಕು.

ಕೇಳಿದ ಮಾತು ಮಾಯವಾಗುವ ದೋಷ

ಎಕ್ಸ್‌ಎಲ್‌ಆರ್ ಮೈಕನ್ನು ಸಾಮಾನ್ಯ ಅಡಾಪ್ಟರ್ ಮೂಲಕ ಸ್ಟೀರಿಯೊ ಸಾಧನಕ್ಕೆ ಜೋಡಿಸಿದಾಗ ಒಂದು ವೈರಿನ ಧ್ವನಿ ಎಡಕ್ಕೂ ಅದರ ವಿರುದ್ಧ ಧ್ವನಿ ಬಲಕ್ಕೂ ಸೇರಬಹುದು. ಇಯರ್‌ಫೋನಿನಲ್ಲಿ ಎಲ್ಲವೂ ಸರಿಯಾಗಿ ಕೇಳುತ್ತದೆ. ಆದರೆ ಒಂದೇ ಸ್ಪೀಕರ್ ಇರುವ ಮೊಬೈಲಿನಲ್ಲಿ ನುಡಿಸಿದಾಗ ಎಡಬಲಗಳು ಕೂಡಿ ಒಂದನ್ನೊಂದು ಅಳಿಸಿ, ಮಾತು ತೀರ ಕ್ಷೀಣವಾಗುತ್ತದೆ ಇಲ್ಲವೆ ಮೌನವಾಗುತ್ತದೆ. ಮೊನೊ ಜೋಡಣೆಯ ಕೇಬಲ್ ಬಳಸುವುದು ಅಥವಾ ಎಡಭಾಗವನ್ನು ಮಾತ್ರ ಉಳಿಸಿಕೊಳ್ಳುವುದು ಪರಿಹಾರ. ಮಾದರಿ ಮುದ್ರಣವನ್ನು ಇಯರ್‌ಫೋನ್ ಮತ್ತು ಮೊಬೈಲ್ ಸ್ಪೀಕರ್ ಎರಡರಲ್ಲಿಯೂ ಕೇಳಿ ನೋಡಬೇಕು.

ಗುಂಯ್ ಎಂಬ ಸದ್ದು

ಆಂಪ್ಲಿಫೈಯರ್ ಒಂದು ಸಾಕೆಟ್‌ನಿಂದಲೂ ಲ್ಯಾಪ್‌ಟಾಪ್ ಇನ್ನೊಂದರಿಂದಲೂ ವಿದ್ಯುತ್ ಪಡೆದಾಗ ಎರಡರ ಅರ್ಥಿಂಗ್ ನಡುವೆ ಸುತ್ತು ಏರ್ಪಟ್ಟು 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ಸೇರಿಕೊಳ್ಳುತ್ತದೆ. ಎರಡನ್ನೂ ಒಂದೇ ಬೋರ್ಡಿಗೆ ಜೋಡಿಸುವುದು, ಮುದ್ರಣ ಸಾಧನವನ್ನು ಬ್ಯಾಟರಿಯಲ್ಲಿ ನಡೆಸುವುದು ಅಥವಾ ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಡುವುದು ಸರಿಯಾದ ಮಾರ್ಗ. ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ನನ್ನು ತೆಗೆಯತಕ್ಕದ್ದಲ್ಲ. ಮೈಕ್ ಹಿಡಿದವರ ಜೀವಕ್ಕೆ ಅದರಿಂದ ಅಪಾಯವಿದೆ. ಮೈಕ್ ಕೇಬಲ್ ವಿದ್ಯುತ್ ಕೇಬಲಿನ ಜೊತೆಗೆ ಸಾಗದೆ, ಅನಿವಾರ್ಯವಾದಲ್ಲಿ ಅದನ್ನು ಅಡ್ಡವಾಗಿ ದಾಟಲಿ.

ಜನರ ಕಡೆಗೂ ಒಂದು ಮೈಕ್

ವೈರಿನ ಮೂಲಕ ಮುದ್ರಿಸುವಾಗ ಮರೆಯಬಾರದ ಸಂಗತಿಯೊಂದಿದೆ. ‘ಲೈನ್ ಔಟ್’ನಲ್ಲಿ ಬರುವುದು ಮೈಕಿನ ಮುಂದೆ ಆಡಿದ ಮಾತು ಮಾತ್ರ. ವೇದಿಕೆಯಲ್ಲಿ ಒಂದೇ ಮೈಕಿದ್ದರೆ ಉತ್ತರಗಳು ಮುದ್ರಣವಾಗಿ ಪ್ರಶ್ನೆಗಳು ಬಿಟ್ಟುಹೋಗುತ್ತವೆ. ಹಿಂದಿನ ಸಾಲಿನಲ್ಲಿ ಕುಳಿತ ಮಹಿಳೆಯು ಮನೆಯ ಪಟ್ಟಿಯಲ್ಲಿ ತನ್ನ ಹೆಸರಿಲ್ಲವೆಂದು ಹೇಳಿದ ಮಾತು ದಾಖಲೆಯ ಮಟ್ಟಿಗೆ ಆಡದ ಮಾತೇ ಆಗುತ್ತದೆ. ಆದ್ದರಿಂದ ಜನರ ನಡುವೆ ಓಡಾಡುವ ಎರಡನೆಯ ಮೈಕ್ ಕಡ್ಡಾಯವೆಂದೇ ಭಾವಿಸಬೇಕು. ಅದು ತಲುಪದ ಕಡೆ ಅಧ್ಯಕ್ಷರು ಪ್ರಶ್ನೆಯನ್ನು ಮೈಕಿನಲ್ಲಿ ಪುನರುಚ್ಚರಿಸಬೇಕು. ಕ್ಯಾಮೆರಾದ ಸ್ವಂತ ಧ್ವನಿಯನ್ನೂ ಎರಡನೆಯ ಪ್ರತಿಯಾಗಿ ಉಳಿಸಿಕೊಳ್ಳುವುದು ಲೇಸು.

ಸಭೆಗೆ ಮುನ್ನ ಮತ್ತು ನಂತರ

ಸಭೆಗೆ ಅರ್ಧ ಗಂಟೆ ಮುಂಚೆ ಎರಡೂ ಮೈಕುಗಳಲ್ಲಿ ಮಾತನಾಡಿಸಿ ಒಂದು ನಿಮಿಷ ಮುದ್ರಿಸಿ ಕೇಳಬೇಕು. ಗಟ್ಟಿಯಾಗಿ ಮಾತನಾಡಿದಾಗ ಸೂಚಕವು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಯಾರಾದರೂ ಸಿಟ್ಟಿನಿಂದ ದನಿ ಏರಿಸಿದರೂ ಆಗ ಧ್ವನಿ ಒಡೆಯದು. 48 ಕಿಲೋಹರ್ಟ್ಸ್, 16 ಬಿಟ್‌ನ ಮೊನೊ ವೇವ್ ಕಡತವು ಗಂಟೆಗೆ ಸುಮಾರು 346 ಎಂಬಿ ಜಾಗ ಬಯಸುತ್ತದೆ. ಮೂರು ಗಂಟೆಯ ಸಭೆಗೆ ಒಂದು ಜಿಬಿಗಿಂತ ತುಸು ಹೆಚ್ಚು ಖಾಲಿ ಜಾಗವಿರಲಿ. ಮೊಬೈಲಿನಲ್ಲಿ ಮುದ್ರಿಸುವುದಾದರೆ ಕರೆ ಬಂದು ಮುದ್ರಣ ನಿಲ್ಲದಂತೆ ಏರೋಪ್ಲೇನ್ ಮೋಡ್ ಹಾಕಬೇಕು.

ಸಭೆ ಮುಗಿಯುವ ಮುನ್ನ ಕೈಗೊಂಡ ಠರಾವುಗಳನ್ನು ಮೈಕಿನಲ್ಲಿ ಓದಿ ಹೇಳುವಂತೆ ಸದಸ್ಯರು ಒತ್ತಾಯಿಸಬೇಕು. ಕಡತವನ್ನು ಅದೇ ದಿನ ಪಂಚಾಯತಿಯ ಗಣಕಯಂತ್ರಕ್ಕೂ ಪ್ರತ್ಯೇಕ ಪೆನ್‌ಡ್ರೈವ್‌ಗೂ ನಕಲು ಮಾಡಿ, ಗ್ರಾಮ ಮತ್ತು ದಿನಾಂಕದ ಹೆಸರಿನಲ್ಲಿ ಇಡಬೇಕು. ಧ್ವನಿಮುದ್ರಿಕೆಯು ನಡವಳಿ ಪುಸ್ತಕಕ್ಕೆ ಬದಲಿಯಲ್ಲ. ಪುಸ್ತಕದಲ್ಲಿ ಬರೆದ ಠರಾವು ಸಭೆಯಲ್ಲಿ ಆದ ತೀರ್ಮಾನವೇ ಹೌದೇ ಎಂದು ಯಾವ ಗ್ರಾಮಸ್ಥರು ಕೇಳಿದರೂ, ಅದನ್ನು ನುಡಿಸಿ ತೋರಿಸಲು ಸಾಧ್ಯವಾಗಬೇಕು.