ಏದುಸಿರಿಗೆ ಸೂಜಿ ಚಿಕಿತ್ಸೆ

ಮಹಡಿ ಮೆಟ್ಟಿಲನ್ನು ಓಡುತ್ತಾ ಹತ್ತಿದರೆ ನಿಮಗೂ ಏದುಸಿರು ಬರುತ್ತದೆ. ತುಸು ನಿಂತರೆ ಇಳಿಯುತ್ತದೆ. ದೀರ್ಘಕಾಲಿಕ ಶ್ವಾಸಕೋಶ ಅಡಚಣೆ ರೋಗ (ಸಿಒಪಿಡಿ) ಬಲಿತವರಿಗೆ ಬಚ್ಚಲುಮನೆಯವರೆಗೆ ನಡೆದರೂ ಇದೇ ಪಾಡು. ಬೀಡಿ, ಸಿಗರೇಟು ಅಥವಾ ಸೌದೆ ಒಲೆಯ ಹೊಗೆಯಿಂದ ವರ್ಷಗಟ್ಟಲೆ ಹಾಳಾದ ಗಾಳಿಗೂಡುಗಳು ಮತ್ತೆ ಮೊದಲಿನಂತಾಗುವುದಿಲ್ಲ. ಒಳಗಿನ ಗಾಳಿ ಪೂರ್ತಿ ಹೊರಹೋಗುವ ಮೊದಲೇ ಮುಂದಿನ ಉಸಿರನ್ನು ಎಳೆದುಕೊಳ್ಳಬೇಕಾಗುತ್ತದೆ.

ಹೀಗಿರುವಾಗ ಚರ್ಮಕ್ಕೆ ಚುಚ್ಚುವ ಸೂಜಿ ಏನು ಮಾಡೀತು? ಜಪಾನಿನ ಸಂಶೋಧಕರು 2006ರಿಂದ 2009ರವರೆಗೆ ಇದನ್ನು ಪರೀಕ್ಷಿಸಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. 68 ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿದರು. ಎಂದಿನ ಔಷಧಿಯನ್ನು ಯಾರೂ ಬಿಡಲಿಲ್ಲ. ವಾರಕ್ಕೊಮ್ಮೆಯಂತೆ 12 ವಾರ ಒಂದು ಗುಂಪಿಗೆ ನಿಜವಾದ ಆಕ್ಯುಪಂಕ್ಚರ್, ಇನ್ನೊಂದಕ್ಕೆ ಹುಸಿ ಸೂಜಿ. ಈ ಹುಸಿ ಸೂಜಿಯ ತುದಿ ಮೊಂಡು. ಒತ್ತಿದಾಗ ನಾಟಕದ ಚೂರಿಯಂತೆ ತನ್ನ ಹಿಡಿಯೊಳಕ್ಕೇ ಸರಿಯುತ್ತದೆ. ರೋಗಿಗೆ ಮಾತ್ರ ಚುಚ್ಚಿದಂತೆಯೇ ಅನಿಸುತ್ತದೆ. ಚಿಕಿತ್ಸೆ ಸಿಕ್ಕಿತೆಂಬ ನಂಬಿಕೆಯಿಂದಲೇ ಎಷ್ಟೋ ಜನರಿಗೆ ಹಾಯೆನಿಸುವುದರಿಂದ, ಆ ಪಾಲನ್ನು ಬೇರ್ಪಡಿಸಲು ಈ ಉಪಾಯ.

ಆರು ನಿಮಿಷ ನಡೆಸಿ, ಏದುಸಿರು ಎಷ್ಟಿದೆಯೆಂದು ರೋಗಿಯನ್ನೇ ಕೇಳಿ 0ಯಿಂದ 10ರ ಬೋರ್ಗ್ ಮಾಪಕದಲ್ಲಿ ಗುರುತಿಸಿದರು. ನಿಜವಾದ ಸೂಜಿಯ ಗುಂಪಿನ ಸರಾಸರಿ ಅಂಕ 5.5ರಿಂದ 1.9ಕ್ಕೆ ಇಳಿಯಿತು. ಹುಸಿ ಗುಂಪಿನದು 4.2 ಇದ್ದದ್ದು 4.6 ಆಯಿತು.

ವ್ಯತ್ಯಾಸ ದೊಡ್ಡದೇ. ಆದರೆ ಮೊದಲ ಅಂಕಗಳನ್ನು ಮತ್ತೊಮ್ಮೆ ನೋಡಿ: 5.5 ಮತ್ತು 4.2. ಆರಂಭದಲ್ಲೇ ಗುಂಪುಗಳು ಸಮವಾಗಿರಲಿಲ್ಲ. ಹೆಚ್ಚು ಬಳಲಿದ್ದವರಿಗೆ ಇಳಿಯಲು ಹೆಚ್ಚು ಅವಕಾಶವಿತ್ತು. ಅಲ್ಲದೆ ಯಾವುದು ಹುಸಿ ಸೂಜಿಯೆಂದು ರೋಗಿಗೆ ತಿಳಿಯದಿದ್ದರೂ ಚುಚ್ಚುವವರಿಗೆ ತಿಳಿದಿತ್ತು. ಅವರ ಮಾತು, ಮುಖಭಾವಗಳಿಂದ ಗುಟ್ಟು ಸೋರಬಹುದು. 68 ಜನರ ಒಂದು ಪ್ರಯೋಗದ ಮೇಲೆ ತೀರ್ಪು ಕೊಡುವುದು ಅವಸರವೇ ಸರಿ.

ಹಾಗೆಂದು 'ಎಲ್ಲ ಬರೀ ಭ್ರಮೆ' ಎನ್ನುವಂತೆಯೂ ಇಲ್ಲ. ಏದುಸಿರು ಎಂಬುದು ನೋವಿನಂತೆಯೇ ಮಿದುಳಿನಲ್ಲಿ ರೂಪುಗೊಳ್ಳುವ ಸಂವೇದನೆ. ಉಸಿರಾಟದ ಸ್ನಾಯುಗಳ ಶ್ರಮ, ರಕ್ತದ ಇಂಗಾಲದ ಡೈಆಕ್ಸೈಡ್, ಜೊತೆಗೆ ಭಯ – ಎಲ್ಲವೂ ಅದರಲ್ಲಿ ಸೇರಿವೆ. ಗಾಳಿಗೂಡು ದುರಸ್ತಿಯಾಗದೆಯೂ ಏದುಸಿರು ಕಡಿಮೆಯಾಗಬಹುದು. ಬಿಗಿದ ಕತ್ತು-ಎದೆಯ ಸ್ನಾಯುಗಳನ್ನು ಸೂಜಿ ಸಡಿಲಿಸುತ್ತದೆಯೆಂಬುದು ಒಂದು ಊಹೆ, ಅದಿನ್ನೂ ಸಾಬೀತಾಗಿಲ್ಲ.

ಅಪಾಯವನ್ನೂ ಹೇಳಬೇಕು. ಎದೆಯ ಮೇಲೆ ಚುಚ್ಚಿದ ಸೂಜಿ ಆಳಕ್ಕಿಳಿದರೆ ಶ್ವಾಸಕೋಶಕ್ಕೆ ತೂತು ಬೀಳಬಹುದು. ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಂಡು ಶ್ವಾಸಕೋಶ ಕುಗ್ಗುತ್ತದೆ. ಆರೋಗ್ಯವಂತರು ಇದನ್ನು ತಡೆದುಕೊಂಡಾರು. ಮೊದಲೇ ಉಸಿರಿಗೆ ಒದ್ದಾಡುತ್ತಿರುವ ಸಿಒಪಿಡಿ ರೋಗಿಗೆ ಪ್ರಾಣಕ್ಕೇ ಸಂಚಕಾರ.