ಹತ್ತಿರದ ರನ್‌ವೇ, ಸರಿಯಾದ ರನ್‌ವೇ

ಬೆಂಗಳೂರು ವಿಮಾನ ನಿಲ್ದಾಣದಿಂದ ಮಂಗಳೂರಿನದಕ್ಕೆ ನಕ್ಷೆಯಲ್ಲಿ ಗೆರೆ ಎಳೆದರೆ ಅದು ಸಕಲೇಶಪುರ ಸೀಮೆಯ ಕಾಫಿ ತೋಟಗಳ ಮೇಲೆ, ಆನೇಮಹಲ್‌ಗೆ ತುಸು ಉತ್ತರದಲ್ಲಿ ಹಾಯುತ್ತದೆ. ಆ ದಾರಿಯಲ್ಲಿ ಹೊರಟ ಬೋಯಿಂಗ್ 737ರ ಒಂದು ಹೈಡ್ರಾಲಿಕ್ ವ್ಯವಸ್ಥೆ ಇಲ್ಲೇ ಕೈಕೊಟ್ಟಿತು ಎಂದುಕೊಳ್ಳಿ. ಮಂಗಳೂರು ಸುಮಾರು 100 ಕಿ.ಮೀ. ಮುಂದೆ, ಬೆಂಗಳೂರು 200 ಕಿ.ಮೀ. ಹಿಂದೆ. ಪೈಲಟ್ ಎತ್ತ ತಿರುಗಬೇಕು?

ರಡ್ಡರ್, ಚಕ್ರ, ಬ್ರೇಕುಗಳನ್ನು ಆಡಿಸುವುದು ಚದರ ಅಂಗುಲಕ್ಕೆ 3,000 ಪೌಂಡ್ ಒತ್ತಡದ ದ್ರವ. 737ರಲ್ಲಿ ಇದಕ್ಕೆ 'ಎ', 'ಬಿ' ಎಂಬ ಎರಡು ಪ್ರತ್ಯೇಕ ವ್ಯವಸ್ಥೆಗಳಿವೆ, ಜೊತೆಗೊಂದು ಆಪತ್ಕಾಲದ್ದು. ಒಂದು ಹೋದರೆ ವಿಮಾನ ಬೀಳುವುದಿಲ್ಲ. ಎರಡೂ ಹೋದರೂ ಉಕ್ಕಿನ ಕೇಬಲ್‌ಗಳ ಮೂಲಕ ಪೈಲಟ್ ತೋಳ್ಬಲದಿಂದಲೇ ಅದನ್ನು ಹಿಡಿದಿಡಬಹುದು; ಹೆಚ್ಚು ಶ್ರಮದ ಕೆಲಸ, ಅಷ್ಟೆ.

ಕಷ್ಟವಿರುವುದು ಇಳಿಯುವಾಗ. 'ಎ' ಹೋಗಿದ್ದರೆ ಕಾಕ್‌ಪಿಟ್‌ನ ನೆಲದಲ್ಲಿರುವ ಮೂರು ಹಿಡಿಗಳನ್ನು ಎಳೆದು ಚಕ್ರಗಳನ್ನು ಬಿಡಬೇಕು. ಅವು ಸ್ವಂತ ಭಾರಕ್ಕೇ ಕೆಳಗಿಳಿದು ಕಚ್ಚಿಕೊಳ್ಳುತ್ತವೆ. ಆಮೇಲೆ ಮಡಚಲು ಬರುವುದಿಲ್ಲ. ನೆಲ ಮುಟ್ಟಿದಾಗ ರೆಕ್ಕೆಯ ಮೇಲೆ ಏಳಬೇಕಾದ ಸ್ಪಾಯ್ಲರ್‌ಗಳಲ್ಲಿ ಕೆಲವು ಏಳುವುದೂ ಇಲ್ಲ. 'ಬಿ' ಹೋಗಿದ್ದರೆ ಫ್ಲ್ಯಾಪ್‌ಗಳನ್ನು ವಿದ್ಯುತ್ ಮೋಟಾರಿನಿಂದ ನಿಧಾನವಾಗಿ, ಅದೂ ಅರೆಬರೆ ಇಳಿಸಿ, ಹೆಚ್ಚು ವೇಗದಲ್ಲಿ ಇಳಿಯಬೇಕು. ವೇಗ ಶೇ 10ರಷ್ಟು ಹೆಚ್ಚಿದರೆ ಬ್ರೇಕುಗಳು ನುಂಗಬೇಕಾದ ಶಕ್ತಿ ಶೇ 21ರಷ್ಟು ಹೆಚ್ಚುತ್ತದೆ.

ಈಗ ರನ್‌ವೇ ನೋಡಿ. ಬೆಂಗಳೂರಿನದು 4,000 ಮೀಟರ್. ಮಂಗಳೂರಿನದು ಗುಡ್ಡದ ನೆತ್ತಿಯ ಮೇಲೆ 2,450 ಮೀಟರ್, ಅಂಚಿನಾಚೆ ಕಣಿವೆ. 2010ರ ಮೇ 22ರಂದು ಅಲ್ಲಿ 158 ಜನ ಸತ್ತದ್ದು ಹೈಡ್ರಾಲಿಕ್ ದೋಷದಿಂದಲ್ಲ, ವಿಮಾನ ತೀರಾ ಮುಂದೆ ಹೋಗಿ ನೆಲ ಮುಟ್ಟಿದ್ದರಿಂದ. ಆದರೂ ಆ ಜಾಗ ತಪ್ಪನ್ನು ಎಷ್ಟು ಕಡಿಮೆ ಮನ್ನಿಸುತ್ತದೆ ಎಂಬುದು ಅಂದು ಗೊತ್ತಾಯಿತು. ನನ್ನನ್ನು ಕೇಳಿದರೆ, ಹಿಂದಕ್ಕೆ ತಿರುಗುವುದೇ ಸರಿ.

ಎಲ್ಲ ವ್ಯವಸ್ಥೆಗಳೂ ಒಟ್ಟಿಗೆ ಸತ್ತ ಉದಾಹರಣೆಗಳಿಲ್ಲವೆಂದಲ್ಲ. 1985ರಲ್ಲಿ ಜಪಾನಿನಲ್ಲಿ 520 ಜನ ಹೋದರು. 1989ರಲ್ಲಿ ಅಮೆರಿಕದ ಸೂ ಸಿಟಿಯಲ್ಲಿ, ಬಾಲದ ಎಂಜಿನ್ ಸಿಡಿದು ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಬರಿದಾದ ಡಿಸಿ-10 ಅನ್ನು ಉಳಿದೆರಡು ಎಂಜಿನ್‌ಗಳ ಬಲವನ್ನು ಏರಿಳಿಸುತ್ತಲೇ ನೆಲಕ್ಕೆ ತಂದರು. 296 ಜನರಲ್ಲಿ 184 ಮಂದಿ ಬದುಕಿದರು. ಇವು ತೀರಾ ಅಪರೂಪ.

ಸಾಮಾನ್ಯವಾಗಿ ಆಗುವುದು 2024ರ ಅಕ್ಟೋಬರ್ 11ರಂದು ತಿರುಚಿರಾಪಳ್ಳಿಯಲ್ಲಿ ಆದಂಥದ್ದು. ಶಾರ್ಜಾಕ್ಕೆ ಹೊರಟ 737ರಲ್ಲಿ ಹೈಡ್ರಾಲಿಕ್ ದೋಷ ಕಾಣಿಸಿತು. ಇಂಧನವನ್ನು ಗಾಳಿಗೆ ಸುರಿಯುವ ಸೌಲಭ್ಯ ಈ ಮಾದರಿಯಲ್ಲಿಲ್ಲ, ಹಾರಿಯೇ ಸುಡಬೇಕು. ಟಿವಿ ಚಾನೆಲ್‌ಗಳು ಕಂಗೆಟ್ಟು ಕೂಗುತ್ತಿದ್ದಾಗ ವಿಮಾನ ಎರಡು ಗಂಟೆಗೂ ಹೆಚ್ಚು ಹೊತ್ತು ಸುತ್ತಿ, ಹಗುರಾಗಿ, ಹೊರಟಲ್ಲಿಗೇ ಬಂದು ಕ್ಷೇಮವಾಗಿ ಇಳಿಯಿತು. ನೀವು ಕುಳಿತ ವಿಮಾನ ಎಂದಾದರೂ ಹೀಗೆ ಸುತ್ತತೊಡಗಿದರೆ ಸೀಟ್‌ಬೆಲ್ಟ್ ಬಿಗಿದು ಸುಮ್ಮನೆ ಕೂರಿ. ಸುತ್ತುವಷ್ಟು ವ್ಯವಧಾನ ಪೈಲಟ್‌ಗೆ ಇದೆ ಎಂದೇ ಅದರ ಅರ್ಥ.