ಬೆವರು ಆರದ ದಾರಿ

ಶನಿವಾರ ಸಂಜೆ ಕಾರವಾರದ ಟಾಗೋರ್ ಕಡಲತೀರದ ಮರಳಲ್ಲಿ ಓಟ. ಭಾನುವಾರ ಬೆಳಿಗ್ಗೆ ಸೈಕಲ್ಲೇರಿ ಅಂಕೋಲೆಗೆ. ಹೋಗಿಬರಲು ಸುಮಾರು 70 ಕಿಲೋಮೀಟರ್. ಐವತ್ತು ದಾಟಿದ ಮಾಸ್ತರರಿಗೆ ಇದೇನು ಹುಚ್ಚು ಎನ್ನುವವರುಂಟು. ಓಟದಲ್ಲಿ ಹೆಜ್ಜೆಹೆಜ್ಜೆಗೂ ಮೊಣಕಾಲಿಗೆ ಪೆಟ್ಟು. ಸೈಕಲ್ಲಿನಲ್ಲಿ ಮೈಭಾರವನ್ನು ಸೀಟು ಹೊರುತ್ತದೆ. ಹೃದಯಕ್ಕೆ ಮಾತ್ರ ಎರಡರಲ್ಲೂ ದುಡಿಮೆ.

ಒಂದು ಮೇ ತಿಂಗಳಲ್ಲಿ ಜೊತೆಗೆ ಬಂದ ವಿದ್ಯಾರ್ಥಿಯೊಬ್ಬ ಅವರ್ಸಾ ಬಳಿ ತಲೆಸುತ್ತಿ ಕುಳಿತ. ತಡವಾಗಿ ಹೊರಟದ್ದು ನನ್ನದೇ ತಪ್ಪು. ಅವನ ಮೈಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಬೆವರು ಇಳಿದರೆ ಸಾಲದು, ಆರಬೇಕು; ಒಂದು ಗ್ರಾಂ ಆವಿಯಾದರೆ ಸುಮಾರು 580 ಕ್ಯಾಲೊರಿ ಶಾಖ ಒಯ್ಯುತ್ತದೆ. ನಮ್ಮ ಕರಾವಳಿಯ ತೇವದ ಗಾಳಿ ಅದನ್ನು ಬೇಗ ಆರಗೊಡುವುದಿಲ್ಲ. ನೆರಳಲ್ಲಿ ಕೂರಿಸಿ, ಗಾಳಿ ಬೀಸಿ, ಉಪ್ಪು-ಸಕ್ಕರೆ ನೀರನ್ನು ಗುಟುಕುಗುಟುಕಾಗಿ ಕುಡಿಸಿದೆ. ಈಗ ಐದೂವರೆಗೇ ಹೊರಡುತ್ತೇವೆ. ಅವನ ತಂದೆಯವರೂ ಜೊತೆಗಿರುತ್ತಾರೆ.